ಕರಡಿಯನ್ನು ಹಿತ್ತಲಿಗೆ ಕರೆತರುವ ವಾಸನೆ

ಕೊಪ್ಪಳ ಮತ್ತು ಗಂಗಾವತಿ ತಾಲ್ಲೂಕುಗಳ ಬೆಟ್ಟದಂಚಿನ ಊರುಗಳಲ್ಲಿ ರಾತ್ರಿ ವೇಳೆ ಹಿತ್ತಲಿಗೆ ಬರುವ ವನ್ಯಜೀವಿಗಳಲ್ಲಿ ಕರಡಿಯೂ ಒಂದು. ಅದು ಮನುಷ್ಯರನ್ನು ಅರಸಿ ಬರುವುದಿಲ್ಲ. ಅದನ್ನು ಸೆಳೆಯುವುದು ಆಹಾರದ ವಾಸನೆ.

ನೆಲೆ: ಆನೆಗೊಂದಿ, ಹಂಪಿ ಪರಿಸರದ ಹೆಬ್ಬಂಡೆಗಳ ನಡುವಿನ ಗವಿಗಳು ಕರಡಿಗೆ ಹಗಲಿನ ತಂಗುದಾಣ. ತುಂಗಭದ್ರೆಯ ದಕ್ಷಿಣಕ್ಕೆ ಇರುವ ದರೋಜಿ ಕರಡಿಧಾಮ 1994ರಲ್ಲಿ ಸ್ಥಾಪನೆಯಾಯಿತು. ಕುಷ್ಟಗಿ, ಯಲಬುರ್ಗಾ ಭಾಗದ ಬಯಲುಸೀಮೆಯ ಚಿತ್ರ ಬೇರೆ. ಅಲ್ಲಿ ಕುರಿದೊಡ್ಡಿಗೆ ತೋಳದ ಭಯ, ಬೆಳೆಗೆ ಕೃಷ್ಣಮೃಗದ ಕಾಟ.

ಆಹಾರ: ಗೆದ್ದಲು, ಇರುವೆ, ಜೇನು, ಕಾಡುಹಣ್ಣುಗಳು ಕರಡಿಯ ಮುಖ್ಯ ಆಹಾರ. ಇದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇರುವುದಿಲ್ಲ. ಉದ್ದನೆಯ ಉಗುರುಗಳಿಂದ ಹುತ್ತವನ್ನು ಬಗೆದು, ಹಲ್ಲಿನ ಸಂದಿಯ ಮೂಲಕ ಗೆದ್ದಲನ್ನು ಹೀರುತ್ತದೆ. ಮಾಗಿದ ಸೀತಾಫಲ, ಹೊಲದ ಶೇಂಗಾ ಹಾಗೂ ಮೆಕ್ಕೆಜೋಳ, ಬಯಲಿಗೆ ಎಸೆದ ಮುಸುರೆ, ಗುಡಿಯಲ್ಲಿ ಉಳಿದ ಬೆಲ್ಲ, ತೆಂಗಿನಕಾಯಿ ಎಲ್ಲವೂ ಅದನ್ನು ಸೆಳೆಯುತ್ತವೆ. ದರೋಜಿಯಲ್ಲಿ ಪ್ರವಾಸಿಗರಿಗೆ ಕರಡಿ ಕಾಣಲೆಂದು ಬಂಡೆಗಳಿಗೆ ಬೆಲ್ಲದ ಮಿಶ್ರಣ ಸವರುವ ಪದ್ಧತಿ ಬೆಳೆದದ್ದೂ ಇದೇ ಕಾರಣಕ್ಕೆ.

ಅಪಾಯ: ಕರಡಿಯ ಘ್ರಾಣಶಕ್ತಿ ತೀಕ್ಷ್ಣ, ದೃಷ್ಟಿ ಮಂದ. ಆದ್ದರಿಂದ ಮನುಷ್ಯ ತೀರಾ ಸಮೀಪಿಸುವವರೆಗೂ ಅದಕ್ಕೆ ಅರಿವಾಗದಿರಬಹುದು. ಬೆದರಿದ ಕರಡಿ ಓಡುವ ಬದಲು ಎರಗುತ್ತದೆ. ಗಾಯಗಳು ಹೆಚ್ಚಾಗಿ ತಲೆ ಮತ್ತು ಮುಖಕ್ಕೆ ಆಗುತ್ತವೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಇನ್ನೂ ಅಪಾಯಕಾರಿ. ನಸುಕಿನಲ್ಲಿ ಬಯಲಿಗೆ ಹೋಗುವವರು, ಒಬ್ಬಂಟಿಯಾಗಿ ಹೊಲಕ್ಕೆ ನೀರು ಹಾಯಿಸುವವರು ಹೆಚ್ಚು ಎಚ್ಚರ ವಹಿಸಬೇಕು.

ಮುನ್ನೆಚ್ಚರಿಕೆ: ಮುಸುರೆಯನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ಇಡಬೇಕು. ಮಾಗಿದ ಹಣ್ಣುಗಳನ್ನು ಸಂಜೆಯೊಳಗೆ ಕೊಯ್ದು, ಉದುರಿದವನ್ನು ಆರಿಸಬೇಕು. ಹಿತ್ತಲಿನ ದೀಪ ಹಚ್ಚಿಡಬೇಕು. ಕತ್ತಲಲ್ಲಿ ಹೊರಡುವಾಗ ಟಾರ್ಚ್ ಹಿಡಿದು, ದೂರದಿಂದಲೇ ಸದ್ದು ಮಾಡುತ್ತ ನಡೆಯಬೇಕು. ಕರಡಿ ಕಂಡರೆ ಸುತ್ತುವರಿಯುವುದು, ಕಲ್ಲು ಎಸೆಯುವುದು ಸಲ್ಲದು. ಅದು ಹೋಗಲು ದಾರಿ ಬಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕರಡಿ, ತೋಳ, ಕೃಷ್ಣಮೃಗ ಮೂರೂ ಸೇರಿವೆ. ಇವುಗಳಿಗೆ ಉರುಳು ಒಡ್ಡುವುದು, ಬೇಲಿಗೆ ವಿದ್ಯುತ್ ಹರಿಸಿ ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಅಂತಹ ಬೇಲಿಗೆ ದನಕರು ಮತ್ತು ಮನುಷ್ಯರೂ ಬಲಿಯಾಗಬಹುದು.

ಬೋನು ಇಟ್ಟು ಒಂದು ಕರಡಿಯನ್ನು ಸಾಗಿಸಿದರೂ ಹಿತ್ತಲಿನಲ್ಲಿ ಆಹಾರ ಉಳಿದಿದ್ದರೆ ಬೆಟ್ಟದಿಂದ ಮತ್ತೊಂದು ಇಳಿದು ಬರಬಹುದು.