ಕಚೇರಿಯನ್ನು ಬಿಟ್ಟು ಕಡಲನ್ನು ದಾಟಿದವರು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಗಾದೆಯನ್ನು ನಾವು ಶಿಕ್ಷಕರು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇವೆ; ಅದನ್ನು ವಿಸ್ತರಿಸಿ ಬರೆಯಿರೆಂದು ಪರೀಕ್ಷೆಯಲ್ಲಿಯೂ ಕೇಳುತ್ತೇವೆ. ಪ್ರವಾಸದಿಂದ ಜ್ಞಾನವು ಹೆಚ್ಚುವುದು, ಮನಸ್ಸು ವಿಶಾಲವಾಗುವುದು ಎಂದು ಮಕ್ಕಳು ಬರೆಯುತ್ತಾರೆ. ಉತ್ತರವು ತಪ್ಪಲ್ಲ. ಆದರೆ ದೇಶ ಸುತ್ತಲು ಹೊರಟವನ ಮನೆಯಲ್ಲಿ ಒಲೆ ಉರಿಯುವ ಬಗೆ ಹೇಗೆ, ಹೊರಡುವ ಸ್ವಾತಂತ್ರ್ಯವು ಯಾರಿಗೆ ಉಂಟು, ಹೋದವನು ಮರಳಿ ಬರುವಾಗ ಊರಿಗೆ ಏನನ್ನು ತಂದನು ಎಂಬ ಪ್ರಶ್ನೆಗಳನ್ನು ಆ ಗಾದೆಯು ಕೇಳುವುದಿಲ್ಲ. ಅವುಗಳನ್ನು ಇತಿಹಾಸವೇ ಕೇಳಬೇಕು.

ಇಂದು ಪುಣೆ, ಬೆಂಗಳೂರುಗಳ ಕಂಪನಿಗಳಲ್ಲಿ ಒಳ್ಳೆಯ ಪಗಾರದ ಮೇಲಿದ್ದ ತರುಣರು ಒಂದು ದಿನ ರಾಜೀನಾಮೆಯನ್ನು ಕೊಟ್ಟು, ಬೆನ್ನಿಗೆ ಒಂದು ಚೀಲವನ್ನು ಏರಿಸಿಕೊಂಡು ಜಗತ್ತನ್ನು ನೋಡಲು ಹೊರಡುವುದನ್ನು ಕೇಳುತ್ತೇವೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮನೆಗಳಲ್ಲಿಯೂ ಇಂತಹ ಮಾತು ಬಂದಾಗ ಹಿರಿಯರು ಗಾಬರಿಯಾಗುತ್ತಾರೆ. ಇದು ಈಗಿನ ಕಾಲದ ಹುಚ್ಚೆಂದು ಹೇಳುತ್ತಾರೆ. ಆದರೆ ಇದು ಈಗಿನದಲ್ಲ. ಸುಮಾರು ಒಂದೂವರೆ ಶತಮಾನದ ಹಿಂದೆ, ಇದೇ ಕೊಲ್ಲಾಪುರದ ಅಂಚೆ ಇಲಾಖೆಯಲ್ಲಿ ಕಾರಕೂನನಾಗಿದ್ದವನೊಬ್ಬನು ಅಮೆರಿಕೆಯ ಕನಸನ್ನು ಕಂಡನು. ಮುಂದೆ ನೌಕರಿಯನ್ನು ಬಿಟ್ಟು ಅಲ್ಲಿಗೆ ಹೋಗಿಯೂ ಬಂದನು. ಅವನಿಗಿಂತ ಮೊದಲು ಅವನ ಹೆಂಡತಿಯೇ ಕಡಲನ್ನು ದಾಟಿದಳು. ಆ ದಂಪತಿಗಳ ಕಥೆಯನ್ನು ಇಲ್ಲಿ ವಿಚಾರಿಸೋಣ.

ಆ ಕಾಲದಲ್ಲಿ ಕಡಲು ದಾಟುವುದೆಂದರೆ ಜಾತಿಯನ್ನು ಕಳೆದುಕೊಳ್ಳುವುದೆಂದೇ ಅನೇಕರ ನಂಬಿಕೆಯಾಗಿದ್ದಿತು. ಕೊಲ್ಲಾಪುರದ ಮಟ್ಟಿಗೆ ಆ ಭಯಕ್ಕೆ ಒಂದು ದುಃಖದ ನೆನಪೂ ಸೇರಿದ್ದಿತು. 1870ರಲ್ಲಿ ಇಲ್ಲಿಯ ತರುಣ ರಾಜರಾದ ರಾಜಾರಾಮ ಮಹಾರಾಜರು ಪರಿವಾರಸಹಿತರಾಗಿ ಇಂಗ್ಲೆಂಡಿಗೆ ಹೋದರು. ಮರಳಿ ಬರುವ ಹಾದಿಯಲ್ಲಿ, ಅದೇ ವರ್ಷ ನವೆಂಬರ 30ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ ಸುಮಾರು ಇಪ್ಪತ್ತು ವರ್ಷ. ಅರ್ನೋ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ, ಪರದೇಶದ ಜನರು ಬೆರಗಿನಿಂದ ನೋಡುತ್ತಿರಲು, ಹಿಂದೂ ಪದ್ಧತಿಯಂತೆ ಅವರ ದಹನಸಂಸ್ಕಾರವು ನಡೆಯಿತು. ಆ ಸ್ಥಳದಲ್ಲಿ 1874ರಲ್ಲಿ ನಿಲ್ಲಿಸಿದ ಸ್ಮಾರಕವು ಇಂದಿಗೂ ಇದೆ. ಅವರ ದಿನಚರಿಯು 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ರಾಜಾರಾಮ ಕಾಲೇಜಿಗೆ ಇವರದೇ ಹೆಸರು. ಸಂಸ್ಥಾನದ ಒಡೆಯನೇ ಕಡಲ ಆಚೆ ಹೋಗಿ ಬಾರದೆ ಉಳಿದ ಮೇಲೆ, ಸಾಮಾನ್ಯನು ಆ ದಾರಿಯನ್ನು ಹೇಗೆ ನೆನೆದಾನು?

ನೆನೆದವನ ಹೆಸರು ಗೋಪಾಳರಾವ ಜೋಶಿ. ವಿಧುರನಾಗಿದ್ದ ಅವನು 1874ರಲ್ಲಿ, ತನಗಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕವಳಾದ ಯಮುನೆಯನ್ನು ಕಲ್ಯಾಣದಲ್ಲಿ ಮದುವೆಯಾದನು. 1865ನೆಯ ಮಾರ್ಚ 31ರಂದು ಹುಟ್ಟಿದ ಆ ಹುಡುಗಿಗೆ ಆಗ ಒಂಬತ್ತು ವರ್ಷ. ಗಂಡನ ಮನೆಯಲ್ಲಿ ಅವಳ ಹೆಸರು ಆನಂದಿಬಾಯಿ. ಹೆಂಡತಿಗೆ ಓದು ಕಲಿಸಬೇಕೆಂಬುದು ಗೋಪಾಳರಾವನ ಪಣವಾಗಿದ್ದಿತು. ಆದರೆ ಅವನು ಕಲಿಸಿದ ರೀತಿಯನ್ನು ನಾವು ಶಿಕ್ಷಕರು ಮುಚ್ಚಿಡಬಾರದು. ಎಳೆಯ ವಯಸ್ಸಿನಲ್ಲಿ ಗಂಡನು ಕಟ್ಟಿಗೆಯ ತುಂಡುಗಳಿಂದ ಹೊಡೆದುದನ್ನೂ, ಕುರ್ಚಿ ಪುಸ್ತಕಗಳನ್ನು ಮೈಮೇಲೆ ಎಸೆದುದನ್ನೂ, ಬಿಟ್ಟುಹೋಗುವೆನೆಂದು ಬೆದರಿಸಿದುದನ್ನೂ ಮುಂದೆ ಆನಂದಿಬಾಯಿಯೇ ಅಮೆರಿಕೆಯಿಂದ ಅವನಿಗೆ ಬರೆದ ಪತ್ರದಲ್ಲಿ ನೆನಪಿಸಿದ್ದಾಳೆ. ಸ್ತ್ರೀಶಿಕ್ಷಣದ ಪಕ್ಷಪಾತಿಯೊಬ್ಬನು ಹೀಗೂ ಇರಬಹುದೆಂಬುದು ಇತಿಹಾಸವು ನಮಗೆ ಕಲಿಸುವ ಒಂದು ಕಹಿ ಪಾಠ.

ವರ್ಗಾವಣೆಯಿಂದ ಗೋಪಾಳರಾವನು ಅಲಿಬಾಗದಿಂದ ಕೊಲ್ಲಾಪುರಕ್ಕೆ ಬಂದನು. ಇಲ್ಲಿ ಅಮೆರಿಕನ್ ಮಿಶನರಿಗಳ ಕೇಂದ್ರವಿದ್ದಿತು. 1852ರಲ್ಲಿ ರಾಯಲ್ ವೈಲ್ಡರ್ ಎಂಬ ಪಾದ್ರಿಯು ಅದನ್ನು ಆರಂಭಿಸಿದ್ದನು. 1878ರಲ್ಲಿ ಗೋಪಾಳರಾವನು ಕೊಲ್ಲಾಪುರದಿಂದಲೇ ಒಂದು ಪತ್ರವನ್ನು ಬರೆದು, ಹೆಂಡತಿಯ ಶಿಕ್ಷಣಕ್ಕಾಗಿ ತಾನು ಅಮೆರಿಕೆಗೆ ಹೋಗಬಯಸುವೆನೆಂದೂ ಅದಕ್ಕೆ ಸಹಾಯ ಬೇಕೆಂದೂ ಮಿಶನರಿಗಳನ್ನು ಕೇಳಿಕೊಂಡನು. ಪತ್ರವು ಅಮೆರಿಕೆಗೆ ಮರಳಿದ್ದ ವೈಲ್ಡರನ ಕೈಸೇರಿತು. ಅವನು ಅದನ್ನು 1879ರಲ್ಲಿ ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿದನು. ಆದರೆ ಕ್ರೈಸ್ತಮತವನ್ನು ಸ್ವೀಕರಿಸುವ ಉಪದೇಶವನ್ನೇ ಉತ್ತರವಾಗಿ ಕೊಟ್ಟನು. ಗಂಡಹೆಂಡಿರಿಬ್ಬರೂ ಅದಕ್ಕೆ ಒಪ್ಪಲಿಲ್ಲ. ವಿಷಯವು ಅಲ್ಲಿಗೇ ಮುಗಿಯಬೇಕಾಗಿದ್ದಿತು.

ಆದರೆ ಅಚ್ಚಾದ ಕಾಗದವು ಎಲ್ಲಿಗೆ ಹೋಗಿ ಮುಟ್ಟುವುದೋ ಯಾರೂ ಹೇಳಲಾರರು. 1880ರಲ್ಲಿ ನ್ಯೂ ಜರ್ಸಿ ಸಂಸ್ಥಾನದ ರೋಸೆಲ್ ಎಂಬ ಊರಿನ ಕಾರ್ಪೆಂಟರ್ ಎಂಬ ಗೃಹಿಣಿಯು ಹಲ್ಲಿನ ವೈದ್ಯನಲ್ಲಿ ತನ್ನ ಸರದಿಗಾಗಿ ಕಾಯುತ್ತಿರುವಾಗ ಆ ಹಳೆಯ ಸಂಚಿಕೆಯನ್ನು ತಿರುವಿ ಹಾಕಿದಳು. ಕಾಣದ ಆ ಹುಡುಗಿಯ ಮೇಲೆ ಅವಳಿಗೆ ಕನಿಕರವುಂಟಾಯಿತು. ಪತ್ರವ್ಯವಹಾರವು ಬೆಳೆಯಿತು, ಆನಂದಿಬಾಯಿಯು ಅವಳನ್ನು ಮಾವಶಿ ಎಂದು ಕರೆಯತೊಡಗಿದಳು. ಇಷ್ಟರೊಳಗೆ ಹದಿನಾಲ್ಕು ವರ್ಷದ ಆನಂದಿಬಾಯಿಗೆ ಒಂದು ಗಂಡುಮಗುವಾಗಿ, ಹತ್ತೇ ದಿನ ಬದುಕಿ ಸತ್ತುಹೋಗಿದ್ದಿತು. ಪುರುಷ ವೈದ್ಯನ ಮುಂದೆ ಬಾಯಿಬಿಡಲಾರದೆ ನರಳುವ ಹೆಂಗಸರಿಗಾಗಿ ತಾನೇ ವೈದ್ಯಳಾಗಬೇಕೆಂಬ ನಿಶ್ಚಯವು ಅವಳಲ್ಲಿ ನೆಲೆಯೂರಿತು.

ಅಂಚೆ ಇಲಾಖೆಯು ಗೋಪಾಳರಾವನನ್ನು ಭುಜಕ್ಕೂ, ಅನಂತರ ಕಲಕತ್ತೆಗೂ ಶ್ರೀರಾಮಪುರಕ್ಕೂ ಕಳಿಸಿತು. ಇಬ್ಬರೂ ಕೂಡಿ ಹೋಗುವುದು ಸಾಧ್ಯವಾಗಲಿಲ್ಲ. ಆಗ ಹದಿನೆಂಟು ವರ್ಷದ ಆನಂದಿಬಾಯಿಯು ಒಬ್ಬಳೇ ಹೋಗುವುದೆಂದು ಗೊತ್ತಾಯಿತು. ಊರೆಲ್ಲ ನಿಂದೆಯ ಮಾತು ಹಬ್ಬಿತು. 1883ರ ಫೆಬ್ರುವರಿ 24ರಂದು ಶ್ರೀರಾಮಪುರದ ಕಾಲೇಜಿನ ಸಭಾಗೃಹದಲ್ಲಿ ಅವಳು ತುಂಬಿದ ಸಭೆಯ ಮುಂದೆ ನಿಂತು, ತಾನು ಅಮೆರಿಕೆಗೆ ಏಕೆ ಹೋಗುವೆನೆಂಬುದನ್ನು ಪ್ರಶ್ನೆ ಪ್ರಶ್ನೆಗೂ ಉತ್ತರವಿತ್ತು ವಿವರಿಸಿದಳು. ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುವೆನೆಂದು ಸಾರಿದಳು. ಏಪ್ರಿಲ್ 7ರಂದು ಕಲಕತ್ತೆಯಲ್ಲಿ ಹಡಗನ್ನೇರಿ, ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದಳು.

ಗಂಡನು ಅಂಚೆಕಚೇರಿಯಲ್ಲಿಯೇ ಉಳಿದನು. ಆದರೆ ಅವನ ಸ್ವಭಾವವು ಮೇಜಿನ ಮುಂದೆ ಕೂಡುವಂತಹದಲ್ಲ. ಬಹುಕಾಲ ಕಳೆಯುವ ಮೊದಲೇ ನೌಕರಿಯನ್ನು ತೊರೆದು ಅವನೂ ಹೊರಟನು. ಹೆಂಡತಿಯು ಪಶ್ಚಿಮದ ದಾರಿಯಿಂದ ಹೋದಳು. ಇವನು ರಂಗೂನಿನತ್ತ ಪೂರ್ವದ ದಾರಿಯನ್ನು ಹಿಡಿದನು. ರಾಜರಂತೆ ಪರಿವಾರವಿಲ್ಲ, ಗಂಟಿನಲ್ಲಿ ಹೇಳಿಕೊಳ್ಳುವಷ್ಟು ಹಣವಿಲ್ಲ. ಅಮೆರಿಕೆಯನ್ನು ಸೇರಿದ ಮೇಲೆ ಊರೂರಿಗೆ ವ್ಯಾಖ್ಯಾನಗಳನ್ನು ಕೊಡುತ್ತ ಸಾಗಿದನು. ಆ ವ್ಯಾಖ್ಯಾನಗಳಲ್ಲಿ ಮಿಶನರಿಗಳನ್ನೂ ಅಮೆರಿಕನ್ ಸಮಾಜವನ್ನೂ ಕಟುವಾಗಿ ಟೀಕಿಸಿದನು. ಹೆಂಡತಿಗೆ ಆಸರೆಯಿತ್ತ ಜನರಿಗೇ ಇದರಿಂದ ಮುಜುಗರವಾಯಿತು. ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿಯನ್ನು ಕಂಡಾಗ ಅವಳು ಮೊದಲಿನ ಹುಡುಗಿಯಾಗಿ ಉಳಿದಿರಲಿಲ್ಲ; ಅವಳ ದೇಹವು ಚಳಿಯಿಂದಲೂ ಒಗ್ಗದ ಆಹಾರದಿಂದಲೂ ಸೊರಗಿದ್ದಿತು, ಬುದ್ಧಿಯು ಮಾತ್ರ ತನ್ನ ಕಾಲ ಮೇಲೆ ತಾನು ನಿಂತಿದ್ದಿತು.

1886ರ ಮಾರ್ಚ 11ರಂದು ಪೆನ್ಸಿಲ್ವೇನಿಯಾದ ಸ್ತ್ರೀಯರ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿಗೆ ಎಂ.ಡಿ. ಪದವಿಯು ದೊರೆಯಿತು. ಹಿಂದೂಗಳಲ್ಲಿಯ ಪ್ರಸೂತಿವಿದ್ಯೆಯ ಮೇಲೆ ಅವಳು ಪ್ರಬಂಧವನ್ನು ಬರೆದಿದ್ದಳು. ಸಮಾರಂಭಕ್ಕೆ ಪಂಡಿತಾ ರಮಾಬಾಯಿಯವರು ಬಂದಿದ್ದರು. ಅದೇ ವರ್ಷ ಕೊಲ್ಲಾಪುರ ದರಬಾರದಿಂದ ಕರೆ ಬಂದಿತು. ಇಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗದ ವೈದ್ಯಾಧಿಕಾರಿಯ ಸ್ಥಾನವನ್ನು ಅವಳಿಗೆ ಕೊಡಮಾಡಿದ್ದರು, ಅವಳು ಒಪ್ಪಿಕೊಂಡಳು. ಯಾವ ಊರಿನಿಂದ ಸಹಾಯವನ್ನು ಬೇಡಿದ ಪತ್ರವು ಹೋಗಿದ್ದಿತೋ ಅದೇ ಊರಿನಿಂದ ಎಂಟು ವರ್ಷಗಳ ತರುವಾಯ ಗೌರವದ ನೇಮಕವು ಬಂದಿತು.

ದಂಪತಿಗಳು ಇಂಗ್ಲೆಂಡದ ಮಾರ್ಗವಾಗಿ ಮರಳಿ, 1886ರ ನವೆಂಬರದಲ್ಲಿ ಮುಂಬಯಿಯನ್ನು ಸೇರಿದರು. ನಿಂದಿಸಿದ ಸಮಾಜವೇ ಈಗ ಹಾರಗಳನ್ನು ತಂದಿತು. ಆದರೆ ಆನಂದಿಬಾಯಿಗೆ ಕ್ಷಯರೋಗವು ಬಲವಾಗಿದ್ದಿತು. 1887ರ ಫೆಬ್ರುವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಅವಳು ಪುಣೆಯಲ್ಲಿ ತೀರಿಕೊಂಡಳು. ಕೊಲ್ಲಾಪುರದ ಆ ಕುರ್ಚಿಯಲ್ಲಿ ಅವಳು ಒಂದು ದಿನವೂ ಕೂಡಲಿಲ್ಲ. ಅವಳ ಚಿತಾಭಸ್ಮವನ್ನು ಕಾರ್ಪೆಂಟರ್ ಕುಟುಂಬದವರಿಗೆ ಕಳಿಸಲಾಯಿತು. ಅವರು ಅದನ್ನು ನ್ಯೂಯಾರ್ಕ್ ಸಂಸ್ಥಾನದ ಪೊಕೀಪ್ಸಿಯಲ್ಲಿ ತಮ್ಮ ಕುಟುಂಬದ ಸ್ಮಶಾನದಲ್ಲಿ ಇರಿಸಿದರು.

ಗೋಪಾಳರಾವನು ಮುಂದೆಯೂ ಒಂದೆಡೆ ನೆಲೆಗೊಳ್ಳಲಿಲ್ಲ. 1890ರ ಅಕ್ಟೋಬರದಲ್ಲಿ ಪುಣೆಯ ಮಿಶನ್ನಿನಲ್ಲಿ ಒಂದು ಸಭೆಯನ್ನು ಕೂಡಿಸಿ, ಅಲ್ಲಿ ಚಹಾ ಕುಡಿದವರ ಹೆಸರುಗಳು ಪತ್ರಿಕೆಯಲ್ಲಿ ಬಯಲಾಗುವಂತೆ ಮಾಡಿದವನು ಇವನೇ. ಆ ಪಟ್ಟಿಯಲ್ಲಿ ಕೊಲ್ಲಾಪುರದಲ್ಲಿ ಬೆಳೆದ ನ್ಯಾಯಮೂರ್ತಿ ರಾನಡೆಯವರೂ ಲೋಕಮಾನ್ಯ ಟಿಳಕರೂ ಇದ್ದರು. ಪ್ರಾಯಶ್ಚಿತ್ತದ ದೊಡ್ಡ ವಾದವೇ ಎದ್ದಿತು. ಮರುವರ್ಷ ಅವನು ಕ್ರೈಸ್ತನಾಗಿ, ಮತ್ತೆ ಹಿಂದೂಧರ್ಮಕ್ಕೆ ಮರಳಿದನು. ಜಗತ್ತನ್ನು ಕಂಡುಬಂದ ಮನುಷ್ಯನಿಗೆ ಕಂಡದ್ದನ್ನು ಯಾವ ಕೆಲಸಕ್ಕೆ ಹೂಡಬೇಕೆಂಬುದು ಕೊನೆಯವರೆಗೂ ಹೊಳೆಯಲಿಲ್ಲವೆಂದು ನನಗೆ ತೋರುತ್ತದೆ.

ಇಲ್ಲಿ ನಮ್ಮ ಕನ್ನಡದವರೇ ಆದ ಇನ್ನೊಬ್ಬರನ್ನು ನೆನೆಯಬೇಕು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ನಮ್ಮಂತೆಯೇ ಶಾಲೆಯ ಮಾಸ್ತರರು. ಅವರೂ ನೌಕರಿಯನ್ನು ಬಿಟ್ಟರು. ಆದರೆ ಅವರು ಕಡಲನ್ನು ದಾಟಲಿಲ್ಲ. ತಾವು ಬರೆದ ಪುಸ್ತಕಗಳ ಗಂಟನ್ನು ಹೊತ್ತು ಊರಿಂದೂರಿಗೆ ನಡೆದು, ಮನೆಮನೆಗೆ ಮಾರಿದರು. ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಮರಾಠಿಯೇ ಮೇಲಾಗಿದ್ದ ಅಂದಿನ ದಿನಗಳಲ್ಲಿ ಕನ್ನಡಕ್ಕೆ ಓದುಗರನ್ನು ಅವರು ಹೀಗೆ ಒಬ್ಬೊಬ್ಬರನ್ನಾಗಿ ಕೂಡಿಸಿದರು. ಮರಾಠಿಯ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಹರಿ ನಾರಾಯಣ ಆಪಟೆಯವರ 'ವಜ್ರಾಘಾತ'ವನ್ನೇ ಆಧರಿಸಿ 'ಕನ್ನಡಿಗರ ಕರ್ಮಕಥೆ'ಯನ್ನು ಬರೆದರು. ಎರಡು ಭಾಷೆಗಳ ನಡುವೆ ಬಾಳುವ ಗಡಿಭಾಗದ ನಮಗೆ ಈ ಮಾತು ವಿಶೇಷವಾಗಿ ನೆನಪಿನಲ್ಲಿರಬೇಕು.

ಹೀಗೆ ಮೂವರನ್ನು ಒಂದೆಡೆ ಇಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುವವು. ಗೋಪಾಳರಾವನಿಗೆ ಬಿಡಲು ಒಂದು ನೌಕರಿಯಿದ್ದಿತು; ಆನಂದಿಬಾಯಿಗೆ ಅದೂ ಇರಲಿಲ್ಲ. ಅವಳು ಬಿಟ್ಟುಹೋದದ್ದು ಮನೆಯನ್ನು, ಸಮಾಜದ ಒಪ್ಪಿಗೆಯನ್ನು. ಕೊನೆಗೆ ಆರೋಗ್ಯವನ್ನೂ ಬಿಟ್ಟುಕೊಟ್ಟಳು. ಹೊರಡುವುದಕ್ಕೆ ತೆತ್ತ ಬೆಲೆಯು ಇಬ್ಬರದೂ ಸಮನಲ್ಲ. ಗಳಗನಾಥರು ಕ್ರಮಿಸಿದ ದೂರವು ಭೂಪಟದಲ್ಲಿ ಒಂದು ಬೆರಳಗಲವೂ ಆಗಲಾರದು. ಆದರೆ ಅವರು ನಡೆದುಹೋದ ಮನೆಗಳಲ್ಲಿ ಪುಸ್ತಕವು ಉಳಿಯಿತು. ಆದುದರಿಂದ ಪ್ರವಾಸದ ಬೆಲೆಯನ್ನು ಮೈಲಿಗಳಿಂದ ಅಳೆಯುವುದು ಸರಿಯಲ್ಲ. ನೌಕರಿಯನ್ನು ಬಿಟ್ಟದ್ದೇ ಧೈರ್ಯವೆಂದು ಹೊಗಳುವುದೂ, ಬಿಟ್ಟದ್ದೇ ಅವಿವೇಕವೆಂದು ಹಳಿಯುವುದೂ ಅಷ್ಟೇ ಅವಸರದ ಮಾತು.

ಹೊರಡಬೇಕೆಂಬ ತರುಣನಿಗೆ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ನೀನು ಹೋದ ಮೇಲೆ ಮನೆಯ ಭಾರವು ಯಾರ ತಲೆಯ ಮೇಲೆ ಬೀಳುವುದು? ನಿನಗಿರುವ ಈ ಸ್ವಾತಂತ್ರ್ಯವು ನಿನ್ನ ತಂಗಿಗೂ ಉಂಟೇ? ಕಂಡುಬಂದದ್ದನ್ನು ಯಾರ ಉಪಯೋಗಕ್ಕೆ ತರುವೆ? ಇವಕ್ಕೆ ಪ್ರಾಮಾಣಿಕವಾದ ಉತ್ತರವಿದ್ದವನನ್ನು ತಡೆಯುವುದು ತಪ್ಪು. ಉತ್ತರವನ್ನು ಇನ್ನೂ ಹುಡುಕುತ್ತಿರುವವನು ರಜೆಯಲ್ಲಿ ತನ್ನ ಜಿಲ್ಲೆಯನ್ನಾದರೂ ಕಾಲ್ನಡಿಗೆಯಿಂದ ನೋಡಲಿ.

ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯು ಬೆಳೆದು ಇಂದು ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆಯಾಗಿದೆ, ಜನರು ಸಿ.ಪಿ.ಆರ್. ಎನ್ನುತ್ತಾರೆ. ಗಡಹಿಂಗ್ಲಜದಿಂದಲೂ ಇಚಲಕರಂಜಿಯಿಂದಲೂ ಕನ್ನಡ ಮಾತನಾಡುವ ತಾಯಂದಿರು ಅಲ್ಲಿಗೆ ಬರುತ್ತಾರೆ. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳನ್ನು ಕೊಲ್ಲಾಪುರದ ಸಹಲಿಗೆ ಕರೆದುಕೊಂಡು ಬಂದಾಗ, ಮಹಾಲಕ್ಷ್ಮಿಯ ಗುಡಿಯನ್ನೂ ರಂಕಾಳ ಕೆರೆಯನ್ನೂ ತೋರಿಸಿದ ಮೇಲೆ, ಆ ಆಸ್ಪತ್ರೆಯ ಎದುರಿಗೂ ಐದು ನಿಮಿಷ ನಿಲ್ಲಿಸಿ ಆನಂದಿಬಾಯಿಯ ಹೆಸರನ್ನು ಹೇಳಿರಿ. ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿರಿ.