ಆನ್‌ಲೈನ್ ಕೋರ್ಸ್ ಮುಗಿಸಲು ನಿಜವಾಗಿ ಎಷ್ಟು ಸಮಯ ಬೇಕು? ಸೇರುವ ಮೊದಲು ಮಾಡಬೇಕಾದ ಲೆಕ್ಕ

'12 ವಾರದ ಕೋರ್ಸ್' ಅಂತ ನೋಡಿ ಸೇರುವುದು, ನಾಲ್ಕೈದು ವಾರ ಆದ ಮೇಲೆ ಕೈಬಿಡುವುದು. ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಹೆಚ್ಚಿನವರು 'ನನಗೆ ತಲೆಗೆ ಹೋಗಲಿಲ್ಲ' ಅಂತ ತಮ್ಮನ್ನೇ ಬೈದುಕೊಳ್ತಾರೆ. ಮನೆಯವರೂ ಹಾಗೇ ಅಂದುಕೊಳ್ತಾರೆ. ಆದರೆ ಬಹಳಷ್ಟು ಸಲ ತಪ್ಪಿದ್ದು ತಲೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಕೋರ್ಸಿನ ಪುಟದಲ್ಲಿ ಬರೆದಿರುವುದು ಕೋರ್ಸಿನ ಉದ್ದ. ಕಲಿಯುವವನಿಗೆ ಬೇಕಾಗುವ ಸಮಯ ಬೇರೆಯೇ. ಈ ಎರಡನೆಯ ಲೆಕ್ಕವನ್ನು ಪ್ರತಿಯೊಬ್ಬರೂ ಸ್ವತಃ ಮಾಡಿಕೊಳ್ಳಬೇಕು.

ತೇವಾರಂನ ಉದಾಹರಣೆ

ಈ ಲೆಕ್ಕಕ್ಕೆ ಕರಾವಳಿಯಿಂದ ದೂರದ ಒಂದು ಊರನ್ನು ನೋಡಬಹುದು. ತಮಿಳುನಾಡಿನ ತೇನಿ ಜಿಲ್ಲೆಯ ಉತ್ತಮಪಾಳಯಂ ತಾಲೂಕಿನಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿ ತೇವಾರಂ ಇದೆ. ಇಲ್ಲಿಯೂ ಸುತ್ತಲಿನ ಕಂಬಂ ಕಣಿವೆಯಲ್ಲಿಯೂ ಮನೆಯಲ್ಲಿ ಕನ್ನಡ ಮಾತಾಡುವ ಕಪ್ಪಿಲಿಯರ್ ಕುಟುಂಬಗಳಿವೆ. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆನ್‌ಲೈನ್ ಕೋರ್ಸಿನಲ್ಲಿ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಕೋರ್ಸಿನಲ್ಲಿ ಇಂಗ್ಲಿಷ್ ಎಂಬ ನಮ್ಮ ಹುಡುಗರ ಪರಿಸ್ಥಿತಿಯೂ ಹೆಚ್ಚುಕಮ್ಮಿ ಇದೇ.

ಉತ್ತಮಪಾಳಯಂನಲ್ಲಿ 1956ರಲ್ಲಿ ಶುರುವಾದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು ಇದೆ. ರಾವುತ್ತರ್ ಮುಸ್ಲಿಮರು ಕಟ್ಟಿದ ಈ ಕಾಲೇಜಿಗೆ ಕಣಿವೆಯ ಎಲ್ಲ ಸಮುದಾಯದ ಮಕ್ಕಳು ಬರ್ತಾರೆ. ಕಣಿವೆಯ ಬದುಕು ಏಲಕ್ಕಿ, ದ್ರಾಕ್ಷಿ, ಬಾಳೆ ಮತ್ತು ವ್ಯಾಪಾರದ ಮೇಲೆ ನಿಂತಿದೆ. ಹತ್ತಿರದ ಬೋಡಿನಾಯಕನೂರಿನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಇ-ಹರಾಜು ಕೇಂದ್ರ ಇದೆ. ಓದುವ ಹುಡುಗ ಸಂಜೆ ಅಂಗಡಿಗೋ ತೋಟಕ್ಕೋ ಕೈಕೊಡಬೇಕು.

ಅಲ್ಲಿಯ ಒಬ್ಬ ಬಿ.ಕಾಂ. ವಿದ್ಯಾರ್ಥಿ ಸ್ವಯಂ ಜಾಲತಾಣದಲ್ಲಿ 12 ವಾರದ ಒಂದು ಎನ್‌ಪಿಟೆಲ್ ಕೋರ್ಸ್ ಸೇರುತ್ತಾನೆ ಎಂದು ಇಟ್ಟುಕೊಳ್ಳೋಣ. ಅವನಿಗೆ ಎಷ್ಟು ಸಮಯ ಬೇಕು?

ಮೊದಲ ಹೆಜ್ಜೆ: ಕೋರ್ಸಿನ ನಿಜವಾದ ಗಂಟೆ

ಎನ್‌ಪಿಟೆಲ್ ಎಂಬುದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ. ಸ್ವಯಂ ಕೇಂದ್ರ ಸರಕಾರದ ವೇದಿಕೆ, ಉದ್ಘಾಟನೆ ಆದದ್ದು 2017ರ ಜುಲೈಯಲ್ಲಿ. ಎನ್‌ಪಿಟೆಲ್ ಕೋರ್ಸುಗಳು ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ:

4 ವಾರ: ಸುಮಾರು 10 ಗಂಟೆ ವೀಡಿಯೊ, 1 ಕ್ರೆಡಿಟ್
8 ವಾರ: ಸುಮಾರು 20 ಗಂಟೆ ವೀಡಿಯೊ, 2 ಕ್ರೆಡಿಟ್
12 ವಾರ: ಸುಮಾರು 30 ಗಂಟೆ ವೀಡಿಯೊ, 3 ಕ್ರೆಡಿಟ್

12 ವಾರಕ್ಕೆ 30 ಗಂಟೆ ಅಂದರೆ ವಾರಕ್ಕೆ ಎರಡೂವರೆ ಗಂಟೆ. 'ಇಷ್ಟೇನಾ' ಅನಿಸ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಇದು ಪಾಠ ಕೇಳುವ ಸಮಯ ಮಾತ್ರ. ನಿಲ್ಲಿಸಿ ಬರೆದುಕೊಳ್ಳುವುದು, ಅರ್ಥ ಆಗದ್ದನ್ನು ಮತ್ತೆ ಕೇಳುವುದು, ಅಸೈನ್‌ಮೆಂಟ್ ಮಾಡುವುದು, ಪರೀಕ್ಷೆಗೆ ಓದುವುದು ಇದರಲ್ಲಿ ಇಲ್ಲ.

ಇದಕ್ಕೆ ಒಂದು ಸರಕಾರಿ ಅಳತೆ ಉಂಟು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 1 ಕ್ರೆಡಿಟ್ ಎಂದರೆ ಕಲಿಕೆಯ 30 ಗಂಟೆ. ಪಾಠ, ಅಭ್ಯಾಸ, ಪರೀಕ್ಷೆ ಎಲ್ಲ ಅದರೊಳಗೆ. ಈ ಅಳತೆಯಲ್ಲಿ 3 ಕ್ರೆಡಿಟ್ ಕೋರ್ಸಿಗೆ 90 ಗಂಟೆ. ಅಂದರೆ ವೀಡಿಯೊ ಸಮಯದ ಮೂರು ಪಟ್ಟು, ವಾರಕ್ಕೆ ಏಳೂವರೆ ಗಂಟೆ.

ಗಮನಿಸಬೇಕಾದ ಇನ್ನೊಂದು ವಿಷಯ: 4 ವಾರದ ಕೋರ್ಸ್ ಆಗಲಿ, 12 ವಾರದ್ದಾಗಲಿ, ವಾರದ ಭಾರ ಅದೇ ಏಳೂವರೆ ಗಂಟೆ. ಚಿಕ್ಕ ಕೋರ್ಸ್ ಅಂದರೆ ಸುಲಭದ ಕೋರ್ಸ್ ಅಲ್ಲ. ಭಾರ ಹೊರುವ ದಿನ ಕಡಿಮೆ, ಅಷ್ಟೇ. ಎರಡು ಕೋರ್ಸ್ ಒಟ್ಟಿಗೆ ತೆಗೆದುಕೊಂಡರೆ ವಾರಕ್ಕೆ 15 ಗಂಟೆ ಬೇಕು.

ಎರಡನೇ ಹೆಜ್ಜೆ: ಕೈಯಲ್ಲಿರುವ ಗಂಟೆ

ಈಗ ವಿದ್ಯಾರ್ಥಿಯ ಕಡೆಯ ಲೆಕ್ಕ. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಒಂದೊಂದು ಗಂಟೆ, ಭಾನುವಾರ ಮೂರು ಗಂಟೆ. ಒಟ್ಟು 8 ಗಂಟೆ. ಶನಿವಾರ ಅಂಗಡಿಯಲ್ಲಿ ರಶ್ಶು, ಬಿಡುವಿಲ್ಲ. ಕಾಗದದ ಮೇಲೆ ಏಳೂವರೆ ಗಂಟೆಗೆ 8 ಗಂಟೆ ಸಾಕು ಅಂತ ಕಾಣ್ತದೆ.

ಆದರೆ ಮದುವೆ ಇರ್ತದೆ, ಜ್ವರ ಬರ್ತದೆ, ನೆಟ್‌ವರ್ಕ್ ಹೋಗ್ತದೆ, ಕಾಲೇಜಿನ ಇಂಟರ್ನಲ್ ಪರೀಕ್ಷೆ ಬರ್ತದೆ. ಆದ್ದರಿಂದ ಸಿಗುವ ಸಮಯದಲ್ಲಿ ನಾಲ್ಕನೇ ಒಂದು ಭಾಗ ಕಳೆದೇ ಲೆಕ್ಕ ಹಾಕುವುದು ಕ್ಷೇಮ. 8ರಲ್ಲಿ 2 ಕಳೆದರೆ ಉಳಿಯುವುದು 6 ಗಂಟೆ. 90ನ್ನು 6ರಿಂದ ಭಾಗಿಸಿದರೆ 15 ವಾರ. ಕೋರ್ಸ್ ಇರುವುದು 12 ವಾರ. ಅಂದರೆ ಹುಡುಗ ಎಷ್ಟೇ ಪ್ರಾಮಾಣಿಕವಾಗಿ ಕೂತರೂ 3 ವಾರದ ಸಾಲ ಮೊದಲ ದಿನವೇ ಅವನ ತಲೆ ಮೇಲಿದೆ. ಐದನೇ ವಾರಕ್ಕೆ ಅವನು ಹಿಂದೆ ಬೀಳುವುದು ಸೋಮಾರಿತನದಿಂದ ಅಲ್ಲ.

ಪರಿಹಾರವೂ ಈ ಲೆಕ್ಕದಲ್ಲೇ ಇದೆ. ಎನ್‌ಪಿಟೆಲ್‌ನ ಅನೇಕ ಕೋರ್ಸುಗಳು ಮತ್ತೆ ಮತ್ತೆ ನಡೆಯುತ್ತವೆ, ಹಳೆಯ ವೀಡಿಯೊಗಳು ಉಚಿತವಾಗಿ ಸಿಗ್ತವೆ. ಕೋರ್ಸ್ ಶುರುವಾಗುವ 3 ವಾರ ಮೊದಲೇ ಹಳೆಯ ಪಾಠಗಳನ್ನು ನೋಡಲು ಕೂತರೆ ಕೊರತೆಯ 18 ಗಂಟೆ ತುಂಬಿ ಹೋಗ್ತದೆ. ಅದು ಆಗದಿದ್ದರೆ ಮೊದಲು 4 ವಾರದ ಕೋರ್ಸ್ ಹಿಡಿಯಬಹುದು. ಅಲ್ಲಿ ಕೊರತೆ 6 ಗಂಟೆ ಮಾತ್ರ. ಎರಡು ರಜೆ ದಿನದಲ್ಲಿ ಸರಿದೂಗಿಸಬಹುದು.

ಮೂರನೇ ಹೆಜ್ಜೆ: ಕ್ಯಾಲೆಂಡರ್ ತೆರೆದು ನೋಡುವುದು

ಎನ್‌ಪಿಟೆಲ್ ಕೋರ್ಸುಗಳು ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಮತ್ತು ಜುಲೈಯಲ್ಲಿ ಶುರುವಾಗುತ್ತವೆ. ತೇವಾರಂ ಕಡೆಯ ಕುಟುಂಬಗಳಿಗೆ ಜುಲೈ ಸರದಿ ಕಷ್ಟ. ಘಟ್ಟದ ಮೇಲೆ ಇಡುಕ್ಕಿಯ ತೋಟಗಳಲ್ಲಿ ಏಲಕ್ಕಿ ಕೊಯ್ಲು ಅದೇ ತಿಂಗಳುಗಳಲ್ಲಿ ಬಿರುಸಾಗ್ತದೆ. ಕಣಿವೆಯಿಂದ ಜನ ಬೆಳಗ್ಗೆ ಜೀಪು ಹತ್ತಿ ಹೋಗಿ ಸಂಜೆ ಇಳಿದು ಬರ್ತಾರೆ. ವ್ಯಾಪಾರವೂ ಆಗಲೇ ಜೋರು.

ನಮ್ಮವರಿಗೆ ಈಗ ಜನವರಿ ಸರದಿಯಲ್ಲಿ ಲೆಕ್ಕ ಬೇರೆ ಹಾಕಬೇಕು. ರಂಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್ ತಿಂಗಳಲ್ಲಿ ಬಂತು, 2026ರಲ್ಲಿ ಫೆಬ್ರವರಿಯಲ್ಲೇ ಶುರು. ಅಂದರೆ ಕೋರ್ಸಿನ ನಟ್ಟನಡುವೆ. ಇಫ್ತಾರ್, ತರಾವೀಹ್, ಸಹರಿ ನಡುವೆ ರಾತ್ರಿಯ ಓದು ಮೊದಲಿನ ಹಾಗೆ ನಡೆಯುವುದಿಲ್ಲ. ಬಟ್ಟೆ, ಚಪ್ಪಲಿ ಅಂಗಡಿಯವರಿಗಂತೂ ಪೆರ್ನಾಳಿನ ಹಿಂದಿನ ಎರಡು ವಾರ ಉಸಿರಾಡಲು ಸಮಯ ಇಲ್ಲ. ಆ ನಾಲ್ಕು ವಾರಕ್ಕೆ ಅರ್ಧ ಸಮಯ ಮಾತ್ರ ಹಿಡಿದರೆ 24ರ ಬದಲು 12 ಗಂಟೆ ಸಿಗ್ತದೆ. ಉಳಿದ 12 ಗಂಟೆಯನ್ನು ಜನವರಿಯಲ್ಲೇ ದುಡಿದಿಡಬೇಕು.

ಗಲ್ಫ್‌ನಲ್ಲಿದ್ದು ಕಲಿಯುವವರಿಗೆ ಗಡಿಯಾರವೂ ಮುಖ್ಯ. ಅಸೈನ್‌ಮೆಂಟಿನ ಗಡುವು ಭಾರತದ ಸಮಯ ರಾತ್ರಿ 11.59 ಎಂದಿದ್ದರೆ ದುಬೈಯಲ್ಲಿ ಅದು 10.29, ರಿಯಾದ್‌ನಲ್ಲಿ 9.29. ರಾತ್ರಿ 10ಕ್ಕೆ ಅಂಗಡಿ ಮುಚ್ಚಿ ರೂಮಿಗೆ ಬಂದು ಮಾಡುತ್ತೇನೆ ಅಂದರೆ ಸೌದಿಯಲ್ಲಿ ಆಗಲೇ ಗಡುವು ಮುಗಿದಿರುತ್ತದೆ.

ನಾಲ್ಕನೇ ಹೆಜ್ಜೆ: ಅಂದಾಜನ್ನು ನಂಬದೆ ಅಳೆಯುವುದು

ಮನುಷ್ಯ ತನ್ನ ಕೆಲಸದ ಸಮಯವನ್ನು ಎಷ್ಟೋ ಸಲ ಕಡಿಮೆ ಅಂದಾಜು ಮಾಡ್ತಾನೆ. ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೆ ಯೋಜನೆಯ ಭ್ರಮೆ ಎಂಬರ್ಥದ ಹೆಸರು ಕೊಟ್ಟರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಪದವಿ ವಿದ್ಯಾರ್ಥಿಗಳನ್ನು ಕೇಳಲಾಯಿತು. ಅವರು ಹೇಳಿದ್ದು ಸರಾಸರಿ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ಅಂದಾಗ ಹೇಳಿದ್ದು ಸುಮಾರು 49. ನಿಜವಾಗಿ ಆದದ್ದು 55ಕ್ಕಿಂತ ಹೆಚ್ಚು ದಿನ. ತಾವೇ ಹೇಳಿದ ದಿನದೊಳಗೆ ಮುಗಿಸಿದವರು ಮೂರರಲ್ಲಿ ಒಬ್ಬರೂ ಇಲ್ಲ.

ಹಾಗಾಗಿ ಮೊದಲ ವಾರ ಗಡಿಯಾರ ಹಿಡಿದೇ ಕೂರಬೇಕು. ವೀಡಿಯೊ, ಟಿಪ್ಪಣಿ, ಅಸೈನ್‌ಮೆಂಟ್ ಎಲ್ಲ ಸೇರಿ ಎಷ್ಟು ಗಂಟೆ ಆಯ್ತು ಅಂತ ಬರೆದಿಡಬೇಕು. ಏಳೂವರೆ ಅಂದುಕೊಂಡದ್ದು 9 ಗಂಟೆ ಆದರೆ ಇಡೀ ಕೋರ್ಸಿಗೆ 108 ಗಂಟೆ, ವಾರಕ್ಕೆ 6ರಂತೆ 18 ವಾರ. ಭಾಷೆಯ ಭಾರವೂ ಈ ಅಳತೆಯಲ್ಲೇ ಸಿಗ್ತದೆ. ಇಂಗ್ಲಿಷ್ ಪಾಠವನ್ನು ತಲೆಯೊಳಗೆ ಕನ್ನಡಕ್ಕೋ ಬ್ಯಾರಿಗೋ ತಂದು ಅರ್ಥ ಮಾಡಿಕೊಳ್ಳುವವನಿಗೆ ಅರ್ಧ ಗಂಟೆಯ ಪಾಠ ಒಂದು ಗಂಟೆ ಹಿಡಿಯುವುದು ಅವಮಾನ ಅಲ್ಲ. ಎನ್‌ಪಿಟೆಲ್ ಅನೇಕ ಕೋರ್ಸುಗಳ ಪಾಠವನ್ನು ಕನ್ನಡ, ತಮಿಳು ಸೇರಿ ಭಾರತೀಯ ಭಾಷೆಗಳಲ್ಲಿ ಬರಹ ರೂಪದಲ್ಲಿಯೂ ಕೊಡುತ್ತದೆ. ಸೇರುವ ಮೊದಲು ಅದು ಉಂಟೋ ಅಂತ ನೋಡಿದರೆ ಗಂಟೆಗಳು ಉಳಿಯುತ್ತವೆ.

ಹಣ ಕಟ್ಟುವ ಮೊದಲು

ಎನ್‌ಪಿಟೆಲ್ ಕೋರ್ಸಿಗೆ ಸೇರುವುದು ಉಚಿತ. ಸರ್ಟಿಫಿಕೇಟ್ ಬೇಕಾದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಕೋರ್ಸಿಗೆ 1000 ರೂಪಾಯಿ. ಪರೀಕ್ಷೆಯ ನೋಂದಣಿ ಕೋರ್ಸ್ ಶುರುವಾದ ಮೇಲೂ ಕೆಲವು ವಾರ ತೆರೆದಿರುತ್ತದೆ. ಆದ್ದರಿಂದ ಮೊದಲೆರಡು ವಾರದ ಅಳತೆ ಕೈಗೆ ಬಂದ ಮೇಲೆ ಹಣ ಕಟ್ಟುವುದು ಜಾಣತನ.

ಅಂಕದಲ್ಲಿ 25 ಭಾಗ ಅಸೈನ್‌ಮೆಂಟಿಗೆ, 75 ಭಾಗ ಪರೀಕ್ಷೆಗೆ. 12 ವಾರದ ಕೋರ್ಸಿನಲ್ಲಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಅಂದರೆ ಮದುವೆ ವಾರವೋ ಪೆರ್ನಾಳ್ ವಾರವೋ ಒಂದೆರಡು ತಪ್ಪಿದರೆ ಕೋರ್ಸ್ ಮುಳುಗುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಗಡುವು ತಪ್ಪಿದ ಕೂಡಲೇ ಬಿಟ್ಟವರೂ ಇದ್ದಾರೆ. ಕಾಲೇಜಿನಲ್ಲಿ ಇರುವವರು ಇನ್ನೊಂದು ವಿಷಯ ವಿಚಾರಿಸಬೇಕು. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಶೇಕಡದವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಇದೆ. ಕಾಲೇಜು ಒಪ್ಪಿದರೆ ಅದೇ 90 ಗಂಟೆ ಪದವಿಗೂ ಸಂದಾಯ ಆಗ್ತದೆ.

ಗಡುವಿಲ್ಲದ ಕೋರ್ಸುಗಳ ಲೆಕ್ಕ ಬೇರೆ. ಯೂಡೆಮಿಯಂತಹ ತಾಣಗಳಲ್ಲಿ ಕಾಣುವ ಗಂಟೆ ವೀಡಿಯೊ ಗಂಟೆ ಮಾತ್ರ. ಅದನ್ನು ಎರಡರಿಂದ ಮೂರು ಪಟ್ಟು ಮಾಡಿ ನೋಡಬೇಕು. ಕೋರ್ಸೆರಾದಲ್ಲಿರುವ ಗೂಗಲ್ ಸರ್ಟಿಫಿಕೇಟುಗಳಿಗೆ ವಾರಕ್ಕೆ 10 ಗಂಟೆಯೊಳಗೆ ಕೊಟ್ಟರೆ 3ರಿಂದ 6 ತಿಂಗಳು ಅಂತ ಹೇಳ್ತಾರೆ. ಅಲ್ಲಿ ತಿಂಗಳ ಚಂದಾ. ವಾರಕ್ಕೆ 10 ಗಂಟೆ ಬೇಕಾದಲ್ಲಿ 5 ಮಾತ್ರ ಕೊಡುವವನಿಗೆ ತಿಂಗಳೂ ಎರಡು ಪಟ್ಟು, ಖರ್ಚೂ ಎರಡು ಪಟ್ಟು.

ಅರ್ಧಕ್ಕೆ ಬಿಟ್ಟವರಿಗೆ

ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಅಂಕಿಅಂಶ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಕೇವಲ 3.13 ಶೇಕಡ. ಹಣ ಕಟ್ಟಿ ಸರ್ಟಿಫಿಕೇಟಿಗೆ ನೋಂದಾಯಿಸಿದವರಲ್ಲಿ 46 ಶೇಕಡ. ಅಂದರೆ ಹಣ ಕೊಟ್ಟವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟಿದ್ದಾರೆ. ಅರ್ಧಕ್ಕೆ ನಿಂತ ಒಂದು ಕೋರ್ಸಿನಿಂದ 'ಇವನಿಗೆ ಓದು ಹತ್ತುವುದಿಲ್ಲ' ಅಂತ ತೀರ್ಮಾನ ಕೊಡುವುದು ಅನ್ಯಾಯ. ಆ ಮಾತಿಗೆ ಹೆದರಿ ಇನ್ನೊಂದು ಕೋರ್ಸಿನ ಕಡೆ ತಲೆ ಹಾಕದ ಹುಡುಗ ಹುಡುಗಿಯರು ಇದ್ದಾರೆ. ದೊಡ್ಡ ನಷ್ಟ ಅದು, 1000 ರೂಪಾಯಿ ಅಲ್ಲ.

ಲೆಕ್ಕ ಇಷ್ಟೇ

ವೀಡಿಯೊ ಗಂಟೆಯನ್ನು ಮೂರು ಪಟ್ಟು ಮಾಡುವುದು. ವಾರಕ್ಕೆ ಸಿಗುವ ಗಂಟೆಯಲ್ಲಿ ನಾಲ್ಕನೇ ಒಂದು ಭಾಗ ಕಳೆಯುವುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಹಬ್ಬ, ಸೀಸನ್, ಪರೀಕ್ಷೆಯ ವಾರಗಳನ್ನು ಸೇರಿಸುವುದು. ಮೊದಲ ವಾರ ಅಳೆದು ಲೆಕ್ಕ ತಿದ್ದುವುದು.

ಅಂಗಡಿಗೆ ಸರಕು ತರುವ ಮೊದಲು ಬಾಡಿಗೆ, ಲಾರಿ ಖರ್ಚು, ಹಾಳಾಗುವ ಮಾಲು ಎಲ್ಲ ಹಿಡಿದು ಲೆಕ್ಕ ಹಾಕುವ ಮನೆಗಳು ನಮ್ಮವು. ಮಕ್ಕಳ ಸಮಯಕ್ಕೂ ಹಾಗೇ ಒಂದು ಚೀಟಿ ಬರೆದರೆ ಸಾಕು. ಲೆಕ್ಕ ಕೂಡದಿದ್ದರೆ ಈ ಸರದಿ ಬಿಟ್ಟು ಮುಂದಿನ ಸರದಿಗೆ ಸೇರಬಹುದು. ಆರು ತಿಂಗಳಿಗೆ ಕೋರ್ಸ್ ಮತ್ತೆ ಬಾರದಿದ್ದರೂ ವರ್ಷಕ್ಕೆ ಬರುವ ಸಾಧ್ಯತೆ ಇರ್ತದೆ.