ಅಡ್ಡಿಯಿಲ್ಲ

ಹರಪನಹಳ್ಳಿ ಕಡೆ ಸಿನಿಮಾ ನೋಡಿ ಬಂದವರನ್ನು "ಪಿಚ್ಚರ್ ಹೆಂಗೈತಿ?" ಅಂತ ಕೇಳಿ ನೋಡಿ. "ಅಡ್ಡಿಲ್ಲ" ಅಂತಾರೆ, ಮುಂದಕ್ಕೆ ನಡೀತಾರೆ. ಬರೆಯುವಾಗ ಅಡ್ಡಿಯಿಲ್ಲ, ಬಾಯಲ್ಲಿ ಅಡ್ಡಿಲ್ಲ. ಇಡೀ ಎರಡೂವರೆ ತಾಸಿನ ಸಿನಿಮಾಕ್ಕೆ ಸಿಕ್ಕ ವಿಮರ್ಶೆ ಅಷ್ಟೇ. ಕೇಳಿದವನಿಗೂ ಅಷ್ಟು ಸಾಕು. ಅವನು ಸಂಜೆ ಆಟಕ್ಕೆ ಹೋಗಬೇಕೋ ಬೇಡವೋ ಅಂತ ಆಗಲೇ ತೀರ್ಮಾನ ಮಾಡಿರುತ್ತಾನೆ.

ಬೆಂಗಳೂರು, ಮೈಸೂರಿನವರು ಇದನ್ನು ತಮ್ಮ 'ಪರವಾಗಿಲ್ಲ'ದ ತಮ್ಮ ಅಂದುಕೊಳ್ಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಪರವಾಗಿಲ್ಲದೊಳಗಿನ 'ಪರವಾ' ಪಾರಸಿಯಿಂದ ಬಂದದ್ದು, ಚಿಂತೆ ಅಂತ ಅರ್ಥ. ಬಸ್ಸಿನಲ್ಲಿ ಕಾಲು ತುಳಿದವರಿಗೆ ಪರವಾಗಿಲ್ಲ ಅನ್ನುತ್ತೇವೆ, ಸಾಲ ತೀರಿಸಲು ತಡ ಮಾಡಿದವರಿಗೂ ಅನ್ನುತ್ತೇವೆ. ಅಲ್ಲಿ ಕ್ಷಮೆಯ ವಾಸನೆ ಇದೆ. ಪರವಾಗಿಲ್ಲ ಅನ್ನಿಸಿಕೊಂಡ ಸಿನಿಮಾ ಏನೋ ತಪ್ಪು ಮಾಡಿ ಮಾಫಿ ಪಡೆದಂತೆ ಕಾಣುತ್ತದೆ. ಅಡ್ಡಿಯಿಲ್ಲ ಅನ್ನುವವನು ಯಾರನ್ನೂ ಕ್ಷಮಿಸುತ್ತಿಲ್ಲ. ಅವನು ಚೆಕ್‌ಪೋಸ್ಟಿನಲ್ಲಿ ನಿಂತು ಗಾಡಿಯೊಳಗೆ ಇಣುಕಿ, ಸಾಮಾನು ನೋಡಿ, ಕೋಲು ಎತ್ತಿದ್ದಾನೆ. ಹೋಗು, ದಾರಿ ಬಿಟ್ಟಿದ್ದೇನೆ ಅಂತ.

ಮೂಲದಲ್ಲಿ ಇರುವುದು ಅಡ್ಡ. ಅಡ್ಡಗೋಡೆ, ಅಡ್ಡದಾರಿ, ಅಡ್ಡಹೆಸರು, ಅಡ್ಡಬೀಳುವುದು. ಕೊಟ್ಟೂರಿನ ಪಕ್ಕದ ಉಜ್ಜಿನಿ ಪೀಠದಿಂದಾಗಿ ಅಡ್ಡಪಲ್ಲಕ್ಕಿ ಅನ್ನುವ ಮಾತೂ ಈ ಸೀಮೆಯವರಿಗೆ ಹೊಸದೇನಲ್ಲ. ಅಡ್ಡವಾಗಿ ಬಂದು ನಿಂತದ್ದು ಅಡ್ಡಿ. ಅದು ಇಲ್ಲ ಅಂದರೆ ದಾರಿ ಇದೆ. ಘಟ್ಟದ ಆಚೆ ಹವ್ಯಕರೂ 'ಅಡ್ಡಿಲ್ಲೆ' ಅನ್ನುತ್ತಾರೆ, ಆದ್ದರಿಂದ ಈ ಪದದ ಪೂರ್ತಿ ಯಜಮಾನಿಕೆ ನಮ್ಮದೇ ಅಂತ ಸಾಧಿಸಲು ಬರುವುದಿಲ್ಲ. ಆದರೆ ಅಳತೆಗೋಲಿನಂತೆ ಅದನ್ನು ಬಳಸುವ ಚಟ ನಮ್ಮಲ್ಲಿ ಜಾಸ್ತಿ.

ಮೆಕ್ಕೆಜೋಳ ಹೆಂಗೈತಿ? ಅಡ್ಡಿಲ್ಲ. ಜ್ವರ? ಈಗ ಅಡ್ಡಿಲ್ಲ. ಹುಡುಗ ನೋಡೋಕೆ ಹೋಗಿದ್ರೆಲ್ಲಾ, ಹೆಂಗದಾನೆ? ಅಡ್ಡಿಲ್ಲ. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ಕೊಟ್ಟರು, 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಕಳಿಸಿದರು. ಮೂರು ಸಲವೂ ಹೊಸ ಜಿಲ್ಲೆ ಹೆಂಗೈತಿ ಅಂದರೆ ಉತ್ತರ ಇದೇ. ಬೆಳೆ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದರೆ ಮಳೆ ಕೇಳಿಸಿಕೊಳ್ಳುತ್ತದೆ, ಮಗು ಮುದ್ದಾಗಿದೆ ಅಂದರೆ ದೃಷ್ಟಿಯಾಗುತ್ತದೆ. ಹೊಗಳಿಕೆಯನ್ನು ಕೈ ಹಿಡಿದು ಬಡಿಸುವುದು ಬೆದ್ದಲು ಜಮೀನಿನವರಿಗೆ ರೂಢಿಯಾಗಿಬಿಟ್ಟಿದೆ.

ಈ ಪದದ ಇನ್ನೊಂದು ವಿಚಿತ್ರ, ಅದಕ್ಕೆ ಎದುರು ಮಾತು ಇಲ್ಲ. "ಪಿಚ್ಚರ್ ಅಡ್ಡಿ ಐತಿ" ಅಂತ ಯಾರೂ ಅನ್ನುವುದಿಲ್ಲ. ಕೆಟ್ಟ ಸಿನಿಮಾಕ್ಕೆ ಬೇರೆ ಮಾತು ಬೇಕು: ರೊಕ್ಕ ದಂಡ, ತಲಿನೋವು, ಅಥವಾ ಏನೂ ಹೇಳದೆ ಕೈ ಆಡಿಸುವುದು. ಹಾಗಾಗಿ ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿನ ತನಕ ಎಲ್ಲ ಭಾರವನ್ನೂ ಅಡ್ಡಿಲ್ಲ ಒಂದೇ ಹೊರಬೇಕು. ಅದನ್ನು ಹೊರುವುದು ರಾಗದಿಂದ. "ಅಡ್ಡಿಲ್ಲ ಬಿಡು" ಅಂದರೆ ಟಿವಿಯಲ್ಲಿ ಬಂದಾಗ ನೋಡು. "ಅಡ್ಡಿಲ್ಲ ತಗಿ" ಅಂದರೆ ಬಿಡುವಿದ್ದರೆ ಹೋಗು. ತಲೆಯನ್ನು ಒಂದು ಕಡೆ ವಾಲಿಸಿ, ತುಟಿ ಒತ್ತಿ, ಗಟ್ಟಿಯಾಗಿ "ಏನಡ್ಡಿಲ್ಲ" ಅಂದರೆ ಈಗಲೇ ಹೊರಡು, ಬೇಕಾದರೆ ನಾನೂ ಇನ್ನೊಂದು ಸಲ ಬರ್ತೀನಿ.

ಸುದೀಪರ 'ಮ್ಯಾಕ್ಸ್' (ಡಿಸೆಂಬರ್ 2024) ಇದರ ನಟ್ಟನಡುವಿನ ಮಾದರಿ. ಒಂದೇ ರಾತ್ರಿಯ ಕಥೆ. ಠಾಣೆಯಲ್ಲಿ ಮಂತ್ರಿಗಳ ಮಕ್ಕಳಿಬ್ಬರ ಹೆಣ, ಬೆಳಗಾಗುವುದರೊಳಗೆ ಪೊಲೀಸರೆಲ್ಲ ಪಾರಾಗಬೇಕು. ಎಲ್ಲೂ ಪ್ರೇಮಗೀತೆಗೆ ಸ್ವಿಟ್ಜರ್ಲೆಂಡಿಗೆ ಹೋಗುವುದಿಲ್ಲ, ಹೊಡೆದಾಟಕ್ಕೂ ಒಂದು ಕಾರಣ ಇದೆ. ಮುಗಿದ ಮೇಲೆ ಮನೆಗೆ ತರುವಂಥದ್ದು ಏನೂ ಇಲ್ಲ, ಕೊಟ್ಟ ರೊಕ್ಕಕ್ಕೆ ಮೋಸವೂ ಇಲ್ಲ. ನನ್ನ ಪ್ರಕಾರ "ಅಡ್ಡಿಲ್ಲ ತಗಿ".

2023ರ ಕೊನೆಗೆ ಬಂದ 'ಕಾಟೇರ' ಭೂಸುಧಾರಣೆಯ ಕಥೆ ಹೇಳಿತು. ಎಪ್ಪತ್ತರ ದಶಕದಲ್ಲಿ ಗೇಣಿದಾರರಾಗಿದ್ದವರು ಇನ್ನೂ ಅಲ್ಲಲ್ಲಿ ಕಟ್ಟೆ ಮೇಲೆ ಸಿಗುತ್ತಾರೆ. ಅಂಥ ಒಬ್ಬ ಹಿರಿಯರನ್ನು ಕೇಳಿದೆ. "ಅಡ್ಡಿಲ್ಲಪ್ಪ. ಆದ್ರ ನಮಗ ಹೊಲ ಬಂದಿದ್ದು ಮಚ್ಚಿನಿಂದಲ್ಲ, ಏಳನೇ ನಂಬರ್ ಫಾರಮಿನಿಂದ" ಅಂದರು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಹಾಕುತ್ತಿದ್ದುದು ಆ ನಮೂನೆಯಲ್ಲೇ. ತಾಲ್ಲೂಕು ಕಚೇರಿ ಮುಂದೆ ವರ್ಷಗಟ್ಟಲೆ ನಿಂತ ಕಾಲುಗಳನ್ನು ಕ್ಯಾಮೆರಾ ಹಿಡಿದು ಹೀರೋ ಮಾಡುವುದು ಕಷ್ಟ, ಒಪ್ಪಿಕೊಳ್ಳೋಣ. ಆದರೂ ಆ ಒಂದು ವಾಕ್ಯಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಆ ಸಿನಿಮಾ ಬಗ್ಗೆ ಓದಿಲ್ಲ.

'ಮಹಾವತಾರ್ ನರಸಿಂಹ' (ಜುಲೈ 2025) ಬಂದಾಗ ತಮಾಷೆಯೇ ಬೇರೆ. ಆನಿಮೇಷನ್ ಚಿತ್ರ, ಮಕ್ಕಳು ಅಜ್ಜಿಯರನ್ನು ಎಳೆದುಕೊಂಡು ಹೋದವು. ಅಜ್ಜಿಯರು ಕಣ್ಣು ತುಂಬ ನೋಡಿದರು, ಕೈ ಮುಗಿದರು, ಹೊರಗೆ ಬಂದು ಅಡ್ಡಿಲ್ಲ ಅಂದರು. ಅಡ್ಡಿಲ್ಲದ ಹಿಂದೆ ಒಂದು ನಿಟ್ಟುಸಿರು. ಆ ನಿಟ್ಟುಸಿರಿನ ಹೆಸರು 1983ರ 'ಭಕ್ತ ಪ್ರಹ್ಲಾದ': ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಪುಟ್ಟ ಪುನೀತ್. ಕಂಪ್ಯೂಟರಿನ ಕಂಬ ಎಷ್ಟೇ ಚೆನ್ನಾಗಿ ಸೀಳಿದರೂ ಕಂಬದ ಈಚೆ ನಿಂತು ಗುಡುಗುವವರು ಯಾರು ಅನ್ನುವುದೇ ಅವರ ತಕರಾರು. ನಾನು ಅಜ್ಜಿಯರ ಪಕ್ಷ.

ಅದೇ ದಿನ ತೆರೆಕಂಡ 'ಸು ಫ್ರಮ್ ಸೋ' ಮಾತ್ರ ನನ್ನ ಅಳತೆಗೋಲನ್ನು ಕೆಡಿಸಿತು. ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ ಕರಾವಳಿಯ ಚಿತ್ರ. ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬುವ ಕಥೆ. ಆ ಕನ್ನಡದ ಅರ್ಧ ಮಾತು ನಮ್ಮ ಕಿವಿ ದಾಟಿ ಹೋಗುತ್ತದೆ. ಹೋದರೂ ರವಿಯಣ್ಣ ಬಂದಾಗ ನಗು ತಡೆಯಲಾಗಲಿಲ್ಲ, ಯಾಕೆಂದರೆ ಎಲ್ಲರ ಕಷ್ಟಕ್ಕೂ ತಾನೇ ಮುಂದೆ ಬೀಳುವ ಅಂಥ ಒಬ್ಬ ಅಣ್ಣ ಕೂಡ್ಲಿಗಿಯಲ್ಲೂ ಇದ್ದಾನೆ, ಹಡಗಲಿಯಲ್ಲೂ ಇದ್ದಾನೆ. ಗೆಳೆಯನೊಬ್ಬ ದಾವಣಗೆರೆಯಲ್ಲಿ ನೋಡಿ ಬಂದು ಫೋನಿನಲ್ಲಿ ಅಡ್ಡಿಲ್ಲ ಅನ್ನಲು ಹೊರಟ, "ಅಡ್ಡಿ" ಅಂದವನಿಗೆ ನಡುವೆ ನಗು ಬಂತು, ಪದ ಮುಗಿಯಲೇ ಇಲ್ಲ. ಅದು ಯಾವ ಮೆಟ್ಟಿಲು ಅಂತ ನನಗೆ ಈಗಲೂ ಗೊತ್ತಾಗಿಲ್ಲ.

ಕಾಲೇಜು ಹುಡುಗರಿಗೆ ಈ ಜಿಪುಣತನ ಹಿಡಿಸುವುದಿಲ್ಲ. ಅವರದು "ಬೆಂಕಿ ಮಾವಾ, ಬೆಂಕಿ!" ಅದಕ್ಕೆ ಮಾವ "ಯಾವ ಟಾಕೀಸಿಗೋ?" ಅಂತ ಕೇಳುವುದು ಹಳೇ ಜೋಕಾಗಿದೆ. 'ಕಾಂತಾರ ಅಧ್ಯಾಯ 1' ಕಳೆದ ಅಕ್ಟೋಬರಿನಲ್ಲಿ, ಅಂದರೆ 2025ರ ಗಾಂಧಿ ಜಯಂತಿಗೆ, ಬಂದಾಗ ಇವೆರಡು ಪದಗಳ ಜಗಳ ಮನೆಮನೆಯಲ್ಲೂ ಆಯಿತು. ಹುಡುಗರಿಗೆ ಬೆಂಕಿ. ನನಗೆ ಕೊನೆಯ ಅರ್ಧ ತಾಸು ನಿಜಕ್ಕೂ ರೋಮಾಂಚನ, ಮೊದಲರ್ಧದ ಹಾಸ್ಯ ಮಾತ್ರ ಉಪ್ಪಿಲ್ಲದ್ದು, ಸದ್ದು ವಿಪರೀತ. 2022ರ ಮೊದಲ 'ಕಾಂತಾರ'ದಲ್ಲಿ ದೈವ ಮೈಮೇಲೆ ಬರುವ ತನಕ ಕಾದು ಕೂತಿದ್ದೆವು. ಇಲ್ಲಿ ಕಾಯಲು ಬಿಡುವುದೇ ಇಲ್ಲ. ಆದ್ದರಿಂದ ಅಡ್ಡಿಲ್ಲ, ರಾಗ ತುಸು ಎಳೆದು. ಬೆಂಕಿ ಅನ್ನುವುದರ ತೊಂದರೆ, ಮುಂದಿನ ಶುಕ್ರವಾರಕ್ಕೆ ಅದಕ್ಕಿಂತ ದೊಡ್ಡ ಪದ ಬೇಕಾಗುತ್ತದೆ. ಹುಡುಗರು ಆಗಲೇ ಜ್ವಾಲಾಮುಖಿಯವರೆಗೆ ಬಂದಿದ್ದಾರೆ.

ಯೋಚಿಸಿದರೆ ಸಿನಿಮಾ ಶುರುವಾಗುವ ಮೊದಲು ಪರದೆ ಮೇಲೆ ತೋರಿಸುವ ಸೆನ್ಸಾರ್ ಪತ್ರವೂ ಒಂದು ಅಡ್ಡಿಯಿಲ್ಲವೇ. ಚೆನ್ನಾಗಿದೆ ಅಂತ ಮಂಡಳಿ ಎಲ್ಲೂ ಬರೆಯುವುದಿಲ್ಲ. ತೋರಿಸಲು ಅಡ್ಡಿಯಿಲ್ಲ, ಅಷ್ಟೇ. 2024ರಿಂದ ಯುಎ ಅನ್ನುವುದನ್ನು 7, 13, 16 ವರ್ಷ ಅಂತ ಮೂರಾಗಿ ಒಡೆದು, ಯಾರ ಮಗುವಿಗೆ ಎಷ್ಟು ಅಡ್ಡಿಯಿಲ್ಲ ಅಂತಲೂ ಹೇಳುತ್ತಿದ್ದಾರೆ. ಕಚೇರಿಗಳು ಕೊಡುವ ನಿರಾಕ್ಷೇಪಣಾ ಪತ್ರ ಮತ್ತಿನ್ನೇನು? 'ಅಡ್ಡಿಯಿಲ್ಲ ಪತ್ರ' ಅಂದಿದ್ದರೆ ಅರ್ಜಿ ಬರೆದುಕೊಡುವವರ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತಿತ್ತೇನೋ.

ಒಂದೇ ಮಾತನ್ನು ಹಿಡಿದು ಹತ್ತು ಅರ್ಥ ತೆಗೆಯುವ ಕಿವಿ ಈ ಸೀಮೆಗೆ ಎಲ್ಲಿಂದ ಬಂತು ಅಂದರೆ ನಾನು ಮೈಲಾರದ ಕಡೆ ಬೆರಳು ತೋರಿಸುತ್ತೇನೆ. ಹಡಗಲಿ ತಾಲ್ಲೂಕಿನ ಆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂತಾನೆ, ಸೇರಿದ ಜನಸಾಗರ ಸುಮ್ಮನಾಗುತ್ತದೆ, ಒಂದು ಸಾಲು ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಮಳೆಯ ಬಗ್ಗೆಯೋ ಮುಖ್ಯಮಂತ್ರಿಯ ಬಗ್ಗೆಯೋ ಅಂತ ವರ್ಷವಿಡೀ ಚಹಾ ಅಂಗಡಿಗಳಲ್ಲಿ ಚರ್ಚೆ. ಅಂಥ ಜನಕ್ಕೆ ಅಡ್ಡಿಲ್ಲದ ಎಳೆತ ಎಷ್ಟು, ಮೊಟಕು ಎಷ್ಟು ಅಂತ ತಿಳಿಯುವುದು ದೊಡ್ಡ ಮಾತಲ್ಲ. ಬೀchi 1913ರಲ್ಲಿ ಹುಟ್ಟಿದ್ದು ಇದೇ ಹರಪನಹಳ್ಳಿಯಲ್ಲಿ. ತನ್ನ ಆತ್ಮಕಥೆಗೇ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟ ಮನುಷ್ಯನನ್ನು ಹೆತ್ತ ಊರು ಯಾವ ಮಾತನ್ನೂ ಒಂದೇ ಅರ್ಥಕ್ಕೆ ಬಿಟ್ಟುಕೊಡುವುದಿಲ್ಲ.

ಇನ್ನು ತನ್ನೂರಿನದರ ಬಗ್ಗೆ ಈ ಪದ ಇನ್ನೂ ಬಿಗಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 'ಕೊಟ್ರೇಶಿ ಕನಸು' ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು, ಕೊಟ್ರೇಶಿಯಾದ ವಿಜಯ ರಾಘವೇಂದ್ರನಿಗೂ ಬಂತು. ಬೀದಿಗೆ ಇಬ್ಬರಾದರೂ ಕೊಟ್ರೇಶಿಗಳು ಸಿಗುವ ಊರಿನಲ್ಲಿ ಅದಕ್ಕೆ ಸಿಕ್ಕ ಮೆಚ್ಚುಗೆ ಅಡ್ಡಿಲ್ಲ. ಕುಂವೀ ಅವರದೇ ಇನ್ನೊಂದು ಕಥೆ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ 'ಕೂರ್ಮಾವತಾರ' ಆಯಿತು: ಗಾಂಧಿಯನ್ನು ಹೋಲುವ ಸರ್ಕಾರಿ ನೌಕರನೊಬ್ಬ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಮಾಡಿ ಪಡುವ ಪಾಡು. ಗಾಂಧೀಜಿಯ ಚಿತಾಭಸ್ಮ ಇಟ್ಟು ಸ್ಮಾರಕ ಕಟ್ಟಿರುವ ಕೂಡ್ಲಿಗಿಯಲ್ಲಿ ಮೊಬೈಲಿನಲ್ಲಿ ಅದನ್ನು ನೋಡಿದ್ದವರೊಬ್ಬರು ಸಿಕ್ಕರು. ಹೆಂಗೈತಿ ಅಂದೆ.

"ಅಡ್ಡಿಲ್ಲ ಸರ. ಒಂದರ ಫೈಟಿಂಗ್ ಇರಬೇಕಾಗಿತ್ತು."